ಹನಿ ಬೀಳೋ ಜಾಗ ಬೇರೆ, ನೀರು ನುಗ್ಗೋ ಜಾಗ ಬೇರೆ: ಅಪ್ಪನ ಮೆಟಡೋರ್ ರಿಪೇರಿ ಕಥೆ

ಪಾಡ್‌ಕಾಸ್ಟ್‌ನ ಅಕ್ಷರ ರೂಪ: ಕೇಳೋಕೆ ಆಗದವರು ಓದಿಕೊಳ್ಳಿ

ನಾನು ಮಾತಾಡ್ತಿರೋದು ನಮ್ಮೂರು ತೂಬಗೆರೆಯಿಂದ. ದೊಡ್ಡಬಳ್ಳಾಪುರ ತಾಲ್ಲೂಕು. ಹಿಂದೆ ಟಕಟಕ ಅಂತ ಕೇಳಿಸ್ತಿದೆಯಲ್ಲ, ಅದು ಎಡಿಟಿಂಗ್ ತಪ್ಪಲ್ಲ, ಅಮ್ಮನ ಮಗ್ಗ. ನಿಲ್ಲಿಸು ಅಂದ್ರೆ ನಿಲ್ಲಿಸಲ್ಲ. ನಿನ್ನ ಮಾತಿಗೆ ಕೂಲಿ ಬರುತ್ತಾ ಅಂತ ಕೇಳ್ತಾಳೆ.

ಇವತ್ತಿನ ವಿಷಯ ಒಂದು ಹಳೇ ಗಾಡಿ. ಅಪ್ಪನ ಮೆಟಡೋರ್, 1994ರದ್ದು. ಈಗಿನ ಹುಡುಗರು ನೋಡಿರಲ್ಲ. ಪುಣೆಯ ಬಜಾಜ್ ಟೆಂಪೋ ಕಂಪನಿ ಮಾಡ್ತಿದ್ದ ವ್ಯಾನ್ ಅದು. ಅದೇ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಅಂತ ಹೆಸರು ಬದಲಾಯಿಸಿಕೊಳ್ತು. ನೀವು ಟ್ರಿಪ್‌ಗೆ ಹೋಗ್ತೀರಲ್ಲ ಟೆಂಪೋ ಟ್ರಾವೆಲರ್, ಅದೂ ಆ ಮನೆಯದ್ದೇ. ಅಪ್ಪ ಈ ಮೆಟಡೋರ್‌ನಲ್ಲಿ ದೊಡ್ಡಬಳ್ಳಾಪುರದ ಮಗ್ಗದ ಸೀರೆ ಚಿಕ್ಕಪೇಟೆಗೆ ಸಾಗಿಸ್ತಿದ್ರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಬಂದ್ರೆ ಅದೇ ನಮ್ಮ ಮನೆ. ಹಿಂದೆ ಜಮಖಾನೆ ಹಾಸಿ ನಾಲ್ಕು ಜನ ಮಲಗ್ತಿದ್ವಿ. ಕ್ಯಾರವಾನ್ ಅನ್ನೋ ಪದ ನಮಗೆ ಗೊತ್ತಾಗೋಕೆ ಮುಂಚೆನೇ ನಮ್ಮತ್ರ ಕ್ಯಾರವಾನ್ ಇತ್ತು.

2017ರಲ್ಲಿ ಅಪ್ಪನ ಮಂಡಿ ಕೈಕೊಡ್ತು, ಗಾಡಿ ತೋಟದಲ್ಲಿ ನಿಂತ್ತು. ನಿಂತಲ್ಲೇ ಐದಾರು ವರ್ಷ ಆಯ್ತು. ಗುಜರಿಯವರು ಬಂದು 40 ಸಾವಿರ ಅಂದ್ರು. ನಾನು ಬೇಡ ಅಂದೆ. ಇದನ್ನ ಮಲಗೋಕೂ ರೆಕಾರ್ಡಿಂಗ್‌ಗೂ ಆಗೋ ರೂಮ್ ಮಾಡ್ತೀನಿ ಅಂದೆ. ಮಾಡಿದೆ ಕೂಡ. ಹೇಗೆ ಮಾಡಿದೆ, ಎಲ್ಲಿ ದಾರಿ ತಪ್ಪಿದೆ, ಅದೇ ಇವತ್ತಿನ ಕಥೆ.

ಬಾಗಿಲು ಮುಟ್ಟಿದ ಅಮ್ಮ

ಮೊದಲನೇ ಸಲ ನಾನು ಮಾಡಿದ್ದು ಮೇಕಪ್. ಚಾವಣಿಯಲ್ಲಿ ಎರಡು ಕಡೆ ಸೋರ್ತಿತ್ತು. ಒಂದು ಟ್ಯೂಬ್ ಸಿಲಿಕೋನ್ ತಂದು ಹನಿ ಬೀಳ್ತಿದ್ದ ಜಾಗಕ್ಕೆ ನೇರ ಮೇಲ್ಗಡೆ ಹಚ್ಚಿದೆ. ಒಳಗೆ ಫೋಮ್ ಅಂಟಿಸಿ, ಅದರ ಮೇಲೆ ಪ್ಲೈವುಡ್ ಹೊಡೆದೆ. ಮನೆಯಿಂದ ವೈರ್ ಎಳೆದು ಲೈಟು, ಫ್ಯಾನು ಹಾಕಿದೆ. ಪುಟ್ಟ ಪುಟ್ಟ ಬಲ್ಬಿನ ಸರ ನೇತಾಕಿ ರೀಲ್ಸ್ ಮಾಡಿದೆ. ಲೈಕು ಚೆನ್ನಾಗೇ ಬಂತು.

ಆಮೇಲೆ ಅಕ್ಟೋಬರ್ ಮಳೆ ಬಂತು. ಒಂದು ಸಂಜೆ ಅಮ್ಮ ಕಾಫಿ ತಂದು, ಗಾಡಿ ಬಾಗಿಲು ಮುಟ್ಟಿದವಳು ಹಂಗೇ ಕೈ ಕಿತ್ಕೊಂಡ್ಲು. ಲೋಟ ಬಿತ್ತು. "ಏನೋ ಜುಮ್ ಅಂತು ಕಣೋ" ಅಂದ್ಲು. ನಾನು ಒಳಗೆ ಮರದ ಹಲಗೆ ಮೇಲೆ ಕೂತಿದ್ದೆ, ನನಗೇನೂ ಗೊತ್ತೇ ಆಗಿರಲಿಲ್ಲ.

ಆಗಿದ್ದೇನು ಅಂದ್ರೆ, ಸೋರಿದ ನೀರು ನಾನು ಹೊಡೆದ ಪ್ಲೈವುಡ್ ಹಿಂದೆ ಇಳಿದು ವೈರ್ ಜಾಯಿಂಟ್ ಮೇಲೆ ಕೂತಿತ್ತು. ಕರೆಂಟು ಬಾಡಿಗೆ ಬಂದಿತ್ತು. ಗಾಡಿ ನಿಂತಿರೋದು ರಬ್ಬರ್ ಟೈರ್ ಮೇಲೆ. ನಾನು ಅರ್ತಿಂಗ್ ಕೊಟ್ಟಿರಲಿಲ್ಲ. ಹಾಗಾಗಿ ಕರೆಂಟು ನೆಲಕ್ಕೆ ಹೋಗೋಕೆ ದಾರಿನೇ ಇರಲಿಲ್ಲ, ಎಂಸಿಬಿ ಟ್ರಿಪ್ ಆಗೋಕೆ ಕಾರಣವೂ ಇರಲಿಲ್ಲ. ಒದ್ದೆ ನೆಲದ ಮೇಲೆ ನಿಂತ ಅಮ್ಮ ಬಾಗಿಲು ಮುಟ್ಟಿದಾಗ, ಅಮ್ಮನೇ ಆ ದಾರಿ ಆದ್ಲು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಅಷ್ಟಕ್ಕೇ ಬದುಕಿಕೊಂಡಳು ಅಂತ ನಾನು ನಂಬಿದ್ದೀನಿ.

ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ. ಸೋರಿಕೆ ಅಂದ್ರೆ ಬರೀ ಹಾಸಿಗೆ ಒದ್ದೆ ಆಗೋದು ಅಂತ ತಿಳ್ಕೊಂಡಿದ್ದೆ. ಮಾರನೇ ದಿನ ಎಲ್ಲಾ ಪ್ಲೈವುಡ್ ಕಿತ್ತೆ.

ಹನಿಯನ್ನ ನಂಬಬೇಡಿ

ಕಿತ್ತಾದ ಮೇಲೆ ಕಂಡಿದ್ದು ಬೇರೇನೇ. ನಾನು ಸಿಲಿಕೋನ್ ಹಚ್ಚಿದ ಜಾಗದಲ್ಲಿ ತಗಡು ಚೆನ್ನಾಗಿತ್ತು! ಅಲ್ಲಿ ತೂತೇ ಇರಲಿಲ್ಲ. ನೀರು ನುಗ್ತಾ ಇದ್ದಿದ್ದು ನಾಲ್ಕು ಅಡಿ ಮುಂದೆ. ಚಾವಣಿಯ ಅಡ್ಡ ಪೈಪಿನ ಮೇಲೆ ಹರಿದು ಬಂದು, ಪೈಪು ಎಲ್ಲಿ ತಗ್ಗಾಗಿದೆಯೋ ಅಲ್ಲಿ ಹನಿಯಾಗಿ ಬೀಳ್ತಿತ್ತು.

ಇದನ್ನ ಅಮ್ಮನಿಗೆ ತೋರಿಸಿದ್ರೆ ಅವಳಿಗೆ ಆಶ್ಚರ್ಯನೇ ಆಗಲಿಲ್ಲ. "ಸೀರೆಯಲ್ಲಿ ಗೆರೆ ಬಿದ್ದಿದೆ ಅಂದ್ರೆ ಸೀರೆಯಲ್ಲಿ ಹುಡುಕಿದ್ರೆ ಎಳೆ ಸಿಗುತ್ತೇನೋ? ಹಿಂದಕ್ಕೆ ಹೋಗಿ ಹಾಸಲ್ಲಿ ನೋಡಬೇಕು, ಅಲ್ಲಿ ಕಡಿದಿರುತ್ತೆ" ಅಂದ್ಲು. ಮೂವತ್ತು ವರ್ಷ ಮಗ್ಗ ಓಡಿಸಿದವಳಿಗೆ ಗೊತ್ತಿರೋದು, ಬಿ.ಕಾಂ ಮಾಡಿದ ನನಗೆ ಒಂದು ಅಕ್ಟೋಬರ್ ಆದ ಮೇಲೆ ಗೊತ್ತಾಯ್ತು.

ಹಾಗಾದ್ರೆ ಹುಡುಕೋದು ಹೇಗೆ? ಇಬ್ಬರು ಬೇಕು. ಒಬ್ಬರು ಹೊರಗೆ ಪೈಪು ಹಿಡ್ಕೊಂಡು, ಇನ್ನೊಬ್ಬರು ಒಳಗೆ ಟಾರ್ಚು, ಸೀಮೆಸುಣ್ಣ ಹಿಡ್ಕೊಂಡು. ಒಳಗಡೆ ಕರೆಂಟು ಪೂರ್ತಿ ತೆಗೆದಿರಬೇಕು. ನೀರನ್ನ ಕೆಳಗಿಂದ ಮೇಲಕ್ಕೆ ಬಿಡಬೇಕು, ಇದು ಮುಖ್ಯ. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲಾ ಕಡೆ ಇಳಿದು, ಯಾವ ತೂತು ಯಾವುದು ಅಂತ ಗೊತ್ತೇ ಆಗಲ್ಲ. ಮೊದಲು ಕಿಟಕಿಯ ಕೆಳಗಿನ ಅಂಚು, ಹತ್ತು ನಿಮಿಷ. ಆಮೇಲೆ ಕಿಟಕಿ ರಬ್ಬರ್, ಹತ್ತು ನಿಮಿಷ. ಆಮೇಲೆ ಚಾವಣಿ ಅಂಚಿನ ದೋಣಿ. ಕೊನೆಗೆ ಚಾವಣಿ. ಒಳಗಿರೋರು ಮೊದಲ ಹನಿ ಕಂಡ ಕೂಡಲೇ ಕೂಗಬೇಕು, ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು.

ಇನ್ನೊಂದು ಉಪಾಯ ಇದೆ. ಕಿಟಕಿ ಬಾಗಿಲೆಲ್ಲ ಮುಚ್ಚಿ, ಒಂದು ಸಂದಿಯಿಂದ ಬ್ಲೋವರ್‌ನಲ್ಲಿ ಒಳಗೆ ಗಾಳಿ ತುಂಬೋದು. ಹೊರಗಿಂದ ಸೋಪಿನ ನೀರು ಸವರೋದು. ಎಲ್ಲಿ ಗುಳ್ಳೆ ಬರುತ್ತೋ ಅಲ್ಲಿ ತೂತು. ಪಂಕ್ಚರ್ ಅಂಗಡಿಯವರು ಟ್ಯೂಬನ್ನ ನೀರಲ್ಲಿ ಮುಳುಗಿಸಿ ನೋಡ್ತಾರಲ್ಲ, ಅದೇ ಲೆಕ್ಕ.

ನಮ್ಮ ಗಾಡಿಯಲ್ಲಿ ಮೂರು ಕಡೆ ಸಿಕ್ತು. ಒಂದು, ಹಳೇ ಕ್ಯಾರಿಯರ್‌ನ ಬೋಲ್ಟ್ ತೂತುಗಳು. ಎರಡು, ಮುಂದಿನ ಗಾಜಿನ ಮೇಲಿನ ಜೋಡಣೆ. ಮೂರನೆಯದ್ದು ಹೇಳೋಕೆ ನಾಚಿಕೆ. ಸೋಲಾರ್ ಪ್ಯಾನಲ್ ಕೂರಿಸೋಕೆ ಅಂತ ನಾನೇ ಹೊಡೆದ ನಾಲ್ಕು ಸ್ಕ್ರೂ.

ಬೆರಳು ಒತ್ತಿದ್ರೆ ಪೈಪು

ಸೋರಿಕೆ ಸಿಕ್ತು, ಮುಚ್ಚಿದ್ರೆ ಆಯ್ತು ಅಂತ ನಾನು ಖುಷಿಯಲ್ಲಿದ್ದೆ. ದೊಡ್ಡಬಳ್ಳಾಪುರದಿಂದ ಬಂದ ವೆಲ್ಡಿಂಗ್ ಅಣ್ಣ ಒಂದು ಸ್ಕ್ರೂಡ್ರೈವರ್ ತಗೊಂಡು ಚಾವಣಿಯ ಅಡ್ಡ ಪೈಪನ್ನ ಮೆಲ್ಲಗೆ ಚುಚ್ಚಿದ್ರು. ಬಿಸ್ಕತ್ತಿನ ಹಾಗೆ ಒಳಗೆ ಹೋಯ್ತು. ಇನ್ನೊಂದಕ್ಕೆ ತಟ್ಟಿದ್ರು. ಚೆನ್ನಾಗಿರೋ ಪೈಪು ಟಣ್ ಅನ್ನುತ್ತೆ, ತುಕ್ಕು ತಿಂದಿದ್ದು ಥಡ್ ಅನ್ನುತ್ತೆ. ಒಂಬತ್ತು ಅಡ್ಡ ಪೈಪುಗಳಲ್ಲಿ ನಾಲ್ಕು ಹೋಗಿದ್ವು. ಎರಡು ಕಂಬಗಳ ಬುಡವೂ ಹೋಗಿತ್ತು. ಹೊರಗೆ ಪೇಂಟು ಮಾತ್ರ ಲಕಲಕ.

ಚೌಕ ಪೈಪು ಹೊರಗಿಂದಲ್ಲ, ಒಳಗಿಂದ ತುಕ್ಕು ಹಿಡಿಯೋದು. ಸ್ಕ್ರೂ ತೂತಿನಿಂದ ನೀರು ಒಳಗೆ ಹೋಗುತ್ತೆ, ಕಂಬದಲ್ಲಿ ಇಳಿದು ಬುಡದಲ್ಲಿ ನಿಲ್ಲುತ್ತೆ. ಆಚೆ ಹೋಗೋಕೆ ದಾರಿ ಇರಲ್ಲ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ, ಹಾಗಾಗಿ ಉಬ್ಬಿ ಉಬ್ಬಿ ಜೋಡಣೆಯನ್ನೇ ಬಾಯಿ ಬಿಡಿಸುತ್ತೆ. ಆ ಬಾಯಿಂದ ಇನ್ನಷ್ಟು ನೀರು. ಸಾಲದ ಬಡ್ಡಿ ಇದ್ದ ಹಾಗೆ, ಬಡ್ಡಿಗೆ ಬಡ್ಡಿ ಬೆಳೀತಾ ಹೋಗುತ್ತೆ.

ಅಣ್ಣ ಕೇಳಿದ ಮೊದಲ ಪ್ರಶ್ನೆ ಚಾಸಿ ಹೆಂಗಿದೆ ಅಂತ. ಇದನ್ನ ನೀವೂ ಮೊದಲು ಕೇಳ್ಕೊಳ್ಳಿ. ಚಾವಣಿ ಪೈಪು, ಕಂಬ, ತಗಡು ಇವೆಲ್ಲ ಬದಲಾಯಿಸಬಹುದು. ಆದರೆ ಕೆಳಗಿನ ಚಾಸಿ ಅಥವಾ ಸಸ್ಪೆನ್ಷನ್ ಕೂರೋ ಜಾಗ ತುಕ್ಕು ತಿಂದಿದ್ರೆ, ಅದು ತೋಟದಲ್ಲಿ ನಿಂತು ಪ್ಯಾಚ್ ಹಾಕೋ ಕೆಲಸ ಅಲ್ಲ. ನಮ್ಮದು ಪುಣ್ಯಕ್ಕೆ ಗಟ್ಟಿಯಾಗಿತ್ತು. ವರ್ಷಗಟ್ಟಲೆ ಸೋರಿದ ಇಂಜಿನ್ ಆಯಿಲ್ಲೇ ಅದನ್ನ ಕಾಪಾಡಿತ್ತು ಅಂತ ಅಪ್ಪ ಹೆಮ್ಮೆ ಪಟ್ಟರು.

ಈ ರೋಗ ನಮ್ಮ ಗಾಡಿಗೆ ಮಾತ್ರ ಬಂದಿದ್ದಲ್ಲ. ಅಮೆರಿಕದಲ್ಲಿ ಕಾರಿಗೆ ಸಿಕ್ಕಿಸಿ ಎಳೆಯೋ ಮನೆಗಳು 1930ರ ದಶಕದಿಂದಲೂ ಇವೆ. ಅವುಗಳಲ್ಲಿ ಎಷ್ಟೋ ಗಾಡಿಗಳಿಗೆ ಒಳಗೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ಶೀಟು. ಅಲ್ಲಿ ಕೊಳೆಯೋದು ಮರ, ಇಲ್ಲಿ ತುಕ್ಕು ಹಿಡಿಯೋದು ಕಬ್ಬಿಣ. ಕಾರಣ ಮಾತ್ರ ಅದೇ ಸೋರಿಕೆ. ಅಷ್ಟು ದೂರ ಯಾಕೆ, ನಮ್ಮ ಕೆಎಸ್‌ಆರ್‌ಟಿಸಿ ನೋಡಿ. ಇತ್ತೀಚಿನ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಹಳೇ ಬಸ್ಸುಗಳನ್ನ ಗುಜರಿಗೆ ಹಾಕದೆ, ತನ್ನದೇ ವರ್ಕ್‌ಶಾಪ್‌ಗಳಲ್ಲಿ ಹೊಸದು ಮಾಡಿದೆ. ಬರೀ ಬಣ್ಣ ಹೊಡೆದು ಬಿಟ್ಟಿಲ್ಲ. ಬಾಡಿ ಬಿಚ್ಚಿ, ಹಾಳಾದ ಭಾಗ ತೆಗೆದು, ಹೊಸದು ಕೂರಿಸಿ ಮತ್ತೆ ರೂಟಿಗೆ ಬಿಟ್ಟಿದ್ದಾರೆ. ನೀವು ಹತ್ತಿದ ಬಸ್ಸೂ ಅದರಲ್ಲಿ ಒಂದು ಇರಬಹುದು.

ಒಂದೊಂದೇ ಪೈಪು

ಈಗ ಕೆಲಸದ ಕ್ರಮ. ಇದು ನಾನು ಪಕ್ಕದಲ್ಲಿ ನಿಂತು ಕಲಿತಿದ್ದು. ವೆಲ್ಡಿಂಗ್ ಗೊತ್ತಿಲ್ಲದೆ ಮಷೀನ್ ಮುಟ್ಟಬೇಡಿ.

ಮೊದಲು ಫೋಮ್, ಪ್ಲೈವುಡ್, ಬಟ್ಟೆ ಎಲ್ಲಾ ಹೊರಗೆ. ಫೋಮ್‌ಗೆ ಒಂದು ಕಿಡಿ ಸಾಕು. ಡೀಸೆಲ್ ಟ್ಯಾಂಕ್ ಇಳಿಸಿದ್ವಿ, ಬ್ಯಾಟರಿ ಬಿಚ್ಚಿದ್ವಿ. ಪಕ್ಕದಲ್ಲಿ ಒದ್ದೆ ಗೋಣಿಚೀಲ, ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು. ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಕೂತಿರಬೇಕು, ಕಿಡಿ ಎಲ್ಲೋ ಸಂದಿಯಲ್ಲಿ ಮಲಗಿ ಆಮೇಲೆ ಏಳುತ್ತೆ.

ಎರಡನೇದು, ನಾಲ್ಕು ಪೈಪು ಹಾಳಾಗಿದೆ ಅಂತ ನಾಲ್ಕನ್ನೂ ಒಟ್ಟಿಗೆ ಕತ್ತರಿಸಬಾರದು. ಗಾಡಿ ಸೊಟ್ಟ ಆಗುತ್ತೆ, ಆಮೇಲೆ ಬಾಗಿಲು ಕೂರಲ್ಲ, ಗಾಜು ಕೂರಲ್ಲ. ಮೊದಲು ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಬರೆದಿಟ್ಕೊಂಡ್ವಿ. ಒಳಗೆ ತಾತ್ಕಾಲಿಕ ಆಸರೆ ಕೊಟ್ವಿ. ಒಂದು ಪೈಪು ತೆಗೆದು, ಹೊಸದು ಕೂರಿಸಿ, ಅಳತೆ ನೋಡಿ, ಆಮೇಲೆ ಮುಂದಿನದ್ದು.

ಮೂರನೇದು, ಗಟ್ಟಿ ಕಬ್ಬಿಣ ಸಿಗೋವರೆಗೂ ಕತ್ತರಿಸಬೇಕು. ತೆಳ್ಳಗಾದ ಕಬ್ಬಿಣಕ್ಕೆ ವೆಲ್ಡ್ ಹಿಡಿಯಲ್ಲ, ತೂತು ಇನ್ನೂ ದೊಡ್ಡದಾಗುತ್ತೆ. ನಾನು "ಸ್ವಲ್ಪ ಉಳಿಸ್ಕೊಳ್ಳಣ್ಣ" ಅಂತಿದ್ದೆ. "ಹುಳುಕು ಹಲ್ಲು ಅರ್ಧ ಕಿತ್ರೆ ನೋವು ಹೋಗುತ್ತಾ ಸ್ವಾಮಿ?" ಅಂದ್ರು.

ಹೊಸ ಪೈಪು ಒಂದಿಂಚು ಚೌಕ, 16 ಗೇಜು. 20 ಅಡಿ ಉದ್ದದ ಒಂದು ಪೈಪು ಸುಮಾರು 7 ಕೆಜಿ ತೂಗುತ್ತೆ. ಎಲ್ಲಾ ಕಂಬಗಳ ಬುಡದಲ್ಲಿ 6 ಎಂಎಂ ತೂತು ಕೊರೆದ್ವಿ. ಇದು ನನಗೆ ವಿಚಿತ್ರ ಅನ್ನಿಸ್ತು. ಸೋರಿಕೆ ನಿಲ್ಲಿಸೋಕೆ ಬಂದು ತೂತು ಕೊರೀತಿದ್ದೀವಲ್ಲ ಅಂತ. ಆದರೆ ಲೋಹದ ಗಾಡಿಯಲ್ಲಿ ಒಂದಲ್ಲ ಒಂದು ದಿನ ನೀರು ಒಳಗೆ ಬಂದೇ ಬರುತ್ತೆ. ಬಂದ ನೀರಿಗೆ ಆಚೆ ಹೋಗೋಕೆ ದಾರಿ ಇರಬೇಕು.

ವೆಲ್ಡಿಂಗ್ ಆದ ಜಾಗದಲ್ಲಿ ಹಿಂಬದಿ ಪೇಂಟೂ ಸುಟ್ಟಿರುತ್ತೆ, ಅದನ್ನ ಮರೆಯಬೇಡಿ. ವೈರ್ ಬ್ರಷ್ ಹೊಡೆದು, ಉಪ್ಪುಕಾಗದ ಉಜ್ಜಿ, ಅವತ್ತೇ ಪ್ರೈಮರ್ ಹೊಡೀಬೇಕು. ರಾತ್ರಿ ಇಬ್ಬನಿ ಬಿದ್ರೆ ಬೆಳಗ್ಗೆ ಹೊತ್ತಿಗೆ ಕೆಂಪು ಪುಡಿ ಶುರುವಾಗಿರುತ್ತೆ. ಕಬ್ಬಿಣದ ಪೈಪಿನ ಮೇಲೆ ಅಲ್ಯೂಮಿನಿಯಂ ಶೀಟ್ ಹಾಕೋದಾದ್ರೆ ಮಧ್ಯೆ ರಬ್ಬರ್ ಟೇಪ್ ಇರಲಿ. ಎರಡು ಬೇರೆ ಲೋಹ ತಾಗಿಕೊಂಡು, ಅಲ್ಲಿ ನೀರು ಸೇರಿದ್ರೆ, ಒಂದು ಲೋಹ ಸವೆಯೋಕೆ ಶುರುವಾಗುತ್ತೆ. ನಮ್ಮಲ್ಲಿ ಸ್ಕ್ರೂ ಸುತ್ತ ಬಿಳಿ ಪುಡಿ ಬಂದಿತ್ತು, ಅದು ಅಲ್ಯೂಮಿನಿಯಂ ಸವೆದ ಗುರುತು.

ಟಾರು, ಸಿಲಿಕೋನು, ರೀಲ್ಸು

ಕೊನೆಗೆ ಚಾವಣಿ. ಅಲ್ಲಿ ಅಪ್ಪನ ಕಾಲದ ಟಾರು ಅರ್ಧ ಇಂಚು ದಪ್ಪ ಇತ್ತು. ಪ್ರತಿ ಬೇಸಿಗೆ ಒಂದು ಪದರ. ಟಾರು ಒಣಗಿ ಬಿರುಕು ಬಿಟ್ಟು, ಆ ಬಿರುಕಲ್ಲಿ ಹೋದ ನೀರು ಒಣಗೋಕೆ ಆಗದೆ ಒಳಗೇ ಉಳಿದಿತ್ತು. ನಾನು ಸೀಮೆಎಣ್ಣೆ ಹಾಕಿ ಕೆರೀತಾ ಕೆರೀತಾ, "ಏನಪ್ಪಾ ಹಿಂಗೆ ಮಾಡಿದೀಯ" ಅಂದೆ. ಅಪ್ಪ ಬೀಡಿ ಪಕ್ಕಕ್ಕಿಟ್ಟು, "ನನಗೆ ಆವತ್ತಿನ ಬಾಡಿಗೆಗೆ ಗಾಡಿ ಹೋಗಬೇಕಿತ್ತು. ಬಿಚ್ಚಿ ಕೂತ್ರೆ ಹತ್ತು ದಿನ ದುಡಿಮೆ ಇಲ್ಲ. ನಿನ್ನ ಫೀಸ್ ಯಾರು ಕಟ್ಟೋರು?" ಅಂದ್ರು. ಒಂದು ನಿಮಿಷ ಬಿಟ್ಟು, "ನನ್ನ ಟಾರು, ನಿನ್ನ ರೀಲ್ಸು, ಎರಡೂ ಒಂದೇ ಕಣೋ" ಅಂದ್ರು.

ನಾನು ಮಾತಾಡಲಿಲ್ಲ. ಅವರಿಗೆ ಮುಚ್ಚದೆ ಬೇರೆ ದಾರಿ ಇರಲಿಲ್ಲ. ನನಗೆ ಟೈಮಿತ್ತು, ಆದ್ರೂ ಮುಚ್ಚಿದೆ.

ಚಾವಣಿ ಜೋಡಣೆಗೆ ಗಟ್ಟಿ ಪುಟ್ಟಿ ಯಾಕೆ ನಿಲ್ಲಲ್ಲ ಅಂತ ಒಂದು ಸಣ್ಣ ಲೆಕ್ಕ ಹೇಳ್ತೀನಿ. ಬೆಳಗಿನ ಜಾವದ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ತಗಡಿನ ಉಷ್ಣತೆಯಲ್ಲಿ 40 ಡಿಗ್ರಿ ವ್ಯತ್ಯಾಸ ಬರಬಹುದು. 3 ಮೀಟರ್ ಕಬ್ಬಿಣದ ತಗಡು ಅಷ್ಟಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತೆ. ಅಲ್ಯೂಮಿನಿಯಂ ಆದ್ರೆ ಅದರ ಹತ್ತಿರ ಹತ್ತಿರ ಎರಡರಷ್ಟು. ದಿನಾ ಹಿಗ್ಗೋದು, ದಿನಾ ಕುಗ್ಗೋದು. ಗಟ್ಟಿಯಾಗಿ ಕೂರೋದು ಒಡೆಯುತ್ತೆ, ರಬ್ಬರಿನ ಹಾಗೆ ಎಳೆದಾಡೋದು ಉಳಿಯುತ್ತೆ. ಅದಕ್ಕೇ ಟಿಂಕರಿಂಗ್ ಅಂಗಡಿಯವರು ಬಾಡಿ ಜೋಡಣೆಗೆ ಪಿಯು ಸೀಲಂಟ್ ಹಾಕೋದು. ವಿನಿಗರ್ ವಾಸನೆ ಬರೋ ಸಿಲಿಕೋನ್ ಇದಕ್ಕೆ ಬೇಡ. ಅದು ಒಣಗುವಾಗ ಬಿಡೋ ಆಮ್ಲ ಬರೀ ಕಬ್ಬಿಣಕ್ಕೆ ಒಳ್ಳೇದಲ್ಲ, ಅದರ ಮೇಲೆ ಪೇಂಟೂ ಕೂರಲ್ಲ. ಹಳೇ ಸಿಲಿಕೋನ್ ಪೂರ್ತಿ ತೆಗೆಯದೆ ಬೇರೆ ಏನೂ ಹಚ್ಚಬೇಡಿ, ಅಂಟಲ್ಲ.

ಶೀಟ್ ಹೊದಿಸುವಾಗ ಹೆಂಚಿನ ನಿಯಮ. ಮೇಲಿನದ್ದು ಕೆಳಗಿನದರ ಮೇಲೆ ಬರಬೇಕು, ನೀರು ಇಳಿಯೋ ಕಡೆಗೆ. ಪ್ರತಿ ರಿವಿಟ್ ತಲೆ ಕೆಳಗೆ ಒಂದು ಚುಕ್ಕೆ ಸೀಲಂಟ್. ಸೋಲಾರ್ ಪ್ಯಾನಲ್ ಈಗ ಚಾವಣಿ ಮೇಲಿಲ್ಲ, ಪಕ್ಕದಲ್ಲಿ ನೆಲದ ಮೇಲೆ ಸ್ಟ್ಯಾಂಡ್ ಹಾಕಿ ಇಟ್ಟಿದ್ದೀನಿ.

ಕರೆಂಟಿನ ವಿಷಯ: ಈ ಸಲ ಎಲೆಕ್ಟ್ರಿಷಿಯನ್ ಕರೆಸಿ ಮಾಡಿಸಿದೆ. ಗಾಡಿ ಪಕ್ಕ ಪ್ರತ್ಯೇಕ ಅರ್ತಿಂಗ್, ಬಾಡಿಗೆ ಅದರ ಸಂಪರ್ಕ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ವೈರ್ ಎಲ್ಲಾ ಪೈಪಿನೊಳಗೆ, ಚಾವಣಿಯಲ್ಲಿ ಒಂದೂ ಜಾಯಿಂಟ್ ಇಲ್ಲ. ಈ ಖರ್ಚಲ್ಲಿ ಮಾತ್ರ ಉಳಿಸೋಕೆ ಹೋಗಬೇಡಿ.

ಡಿಸೆಂಬರ್‌ನ ಹನಿ

ಎಲ್ಲಾ ಮುಗೀತು. ಎರಡು ಮಳೆ ಬಂತು, ಒಂದು ಹನಿ ಇಲ್ಲ. ಡಿಸೆಂಬರ್‌ನಲ್ಲಿ ನಾನೂ ನನ್ನ ಸ್ನೇಹಿತನೂ ಒಳಗೆ ಮಲಗಿದ್ವಿ. ನಂದಿಬೆಟ್ಟದ ಕಡೆಯ ಚಳಿ ನಿಮಗೆ ಗೊತ್ತಲ್ಲ. ಬೆಳಗ್ಗೆ ಎದ್ರೆ ಚಾವಣಿಯಿಂದ ಟಪ್ ಅಂತ ಹಣೆ ಮೇಲೆ ಹನಿ! ಮಳೆನೇ ಬಂದಿಲ್ಲ. ನನಗೆ ಅಳು ಬರೋದೊಂದು ಬಾಕಿ.

ಅಣ್ಣನಿಗೆ ಫೋನ್ ಮಾಡಿದೆ. ನಕ್ಕರು. "ಕಿಟಕಿ ಮುಚ್ಚಿದ್ರಾ? ಅದು ನಿಮ್ಮ ಉಸಿರೇ ಸ್ವಾಮಿ" ಅಂದ್ರು. ನಿಜ. ಇಬ್ಬರ ರಾತ್ರಿಯ ಉಸಿರಲ್ಲಿ ಲೋಟಗಟ್ಟಲೆ ನೀರಿರುತ್ತೆ, ಅದು ತಣ್ಣಗಿರೋ ತಗಡಿಗೆ ತಾಗಿ ಹನಿಯಾಗುತ್ತೆ. ಇದೂ ಪೈಪಿಗೆ ತುಕ್ಕು ಹಿಡಿಸುತ್ತೆ. ಮದ್ದು ಇಷ್ಟೇ: ಎದುರುಬದುರು ಎರಡು ಕಿಟಕಿ ಎರಡು ಬೆರಳಷ್ಟು ತೆಗೆದಿಡೋದು. ಸೋರಿಕೆನೋ ಇಬ್ಬನಿನೋ ಅಂತ ತಿಳಿಯೋಕೆ ನೋಡಿ, ಮಳೆ ಇಲ್ಲದ ಚಳಿಯ ಬೆಳಗ್ಗೆ ಚಾವಣಿಯ ಉದ್ದಗಲಕ್ಕೂ ಸಣ್ಣ ಹನಿ ಇದ್ರೆ ಅದು ಉಸಿರು. ಮಳೆ ಬಂದಾಗ ಒಂದೇ ಜಾಗದಲ್ಲಿ ಬಿದ್ರೆ ಅದು ತೂತು.

ಲೆಕ್ಕ ಒಪ್ಪಿಸಬೇಕಲ್ಲ, ಬಿ.ಕಾಂ ನಾನು. ಮೊದಲ ಮೇಕಪ್‌ಗೆ 22 ಸಾವಿರ, ಪೂರ್ತಿ ನೀರು ಪಾಲು. ಎರಡನೇ ಸಲ ಪೈಪು, ಶೀಟು, ಕೂಲಿ, ಪೇಂಟು, ಸೀಲಂಟು, ಕರೆಂಟು ಎಲ್ಲಾ ಸೇರಿ 61 ಸಾವಿರ. ಗುಜರಿಯವರು ಕೊಡ್ತಿದ್ದ 40 ಸಾವಿರ ಬಿಟ್ಟಿದ್ದನ್ನೂ ಸೇರಿಸಿದ್ರೆ ಈ ರೂಮಿನ ಬೆಲೆ 1 ಲಕ್ಷದ 23 ಸಾವಿರ. ಲಾಭದ ವ್ಯವಹಾರ ಅಂತ ಹೇಳೋಕೆ ನನ್ನ ಡಿಗ್ರಿ ಒಪ್ಪಲ್ಲ.

ಇನ್ನೊಂದು ಮಾತು. ನಮ್ಮ ಗಾಡಿಗೆ ಎಫ್‌ಸಿ ಮುಗಿದು ವರ್ಷಗಳಾಗಿವೆ, ಅದಕ್ಕೇ ಅದು ರಸ್ತೆಗೆ ಇಳಿಯಲ್ಲ, ತೋಟದಲ್ಲೇ ಇರುತ್ತೆ. ನೀವು ಓಡಿಸೋ ಗಾಡಿಯನ್ನ ಮನೆ ಮಾಡ್ತೀವಿ ಅಂದ್ರೆ ಮೊದಲು ಆರ್‌ಟಿಓ ಆಫೀಸಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಸ್ವರೂಪವನ್ನ ಇಷ್ಟ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ.

ಈ ಎಪಿಸೋಡ್ ರೆಕಾರ್ಡ್ ಆಗ್ತಿರೋದು ಅದೇ ಮೆಟಡೋರ್ ಒಳಗೆ. ಈಗ ಹೊರಗೆ ಸಣ್ಣ ಮಳೆ ಶುರುವಾಗಿದೆ, ಕೇಳಿಸ್ತಿದೆಯಾ? ಅಮ್ಮ ಮಗ್ಗ ನಿಲ್ಲಿಸಿ ಕಾಫಿ ತರ್ತಿದ್ದಾಳೆ. ಬಾಗಿಲ ಹತ್ತಿರ ಬಂದವಳು ಈಗಲೂ ಮೊದಲು ಬೆರಳಿನ ಹಿಂಬದಿ ತಾಗಿಸಿ ನೋಡ್ತಾಳೆ. ಟೆಸ್ಟರ್ ಹಿಡಿದು ಹತ್ತು ಸಲ ತೋರಿಸಿದ್ದೀನಿ, ಆದ್ರೂ ಹಾಗೇ ಮಾಡ್ತಾಳೆ. ಚಾವಣಿ ಸೋರೋದು ನಿಂತಿದೆ. ಈ ಭಯ ಹೋಗೋಕೆ ಇನ್ನೂ ಎಷ್ಟು ಮಳೆಗಾಲ ಬೇಕೋ.

ಸದ್ಯಕ್ಕೆ ಅವಳು ಬರೋ ಹೊತ್ತಿಗೆ ನಾನೇ ಒಳಗಿಂದ ಬಾಗಿಲು ತೆಗೀತೀನಿ. ಇವತ್ತಿಗೆ ಇಷ್ಟು. ಮತ್ತೆ ಸಿಗೋಣ, ನಮಸ್ಕಾರ.